ಬಿಟ್ಟಾಗ

ಪ್ರತಿ ತಿಂಗಳ ಒಂದನೇ ತಾರೀಖು
ದುರ್ಗಿಗುಡಿಯಲ್ಲಿ ಮಹಡಿ ಮೆಟ್ಟಿಲು ಹತ್ತಿ
ಹಲ್ಲಿನ ಡಾಕ್ಟರ ಬೆಂಚಿನ ಮೇಲೆ
ಟೋಕನ್ ಹಿಡಿದು ಕೂರುತ್ತೇನೆ.
ಹಲ್ಲಿಗೆ ಏನೂ ಆಗಿಲ್ಲ.
ಆಚೆ ಕೆನ್ನೆ ಊದಿದ ಕಂಡಕ್ಟರು,
ಈಚೆ ಹೊಸನಗರದ ಅಜ್ಜಿ:
"ನಿಮ್ದು ಯಾವ ಹಲ್ಲು?"
ಹೊಟ್ಟೆಯ ಬಲಗಡೆ ಮುಟ್ಟಿ ತೋರಿಸುತ್ತೇನೆ.
ಅಜ್ಜಿ ಸ್ವಲ್ಪ ದೂರ ಸರಿದು ಕೂರುತ್ತಾಳೆ.

ಹೊಳೆಬಾಗಿಲಲ್ಲಿ ಹತ್ತೊಂಬತ್ತು ವರ್ಷ
ಲಾಂಚ್ ನಡೆಸಿದವ ನಾನು.
ಆ ದಡ, ಈ ದಡ. ಈ ದಡ, ಆ ದಡ.
ಬಸ್ಸು, ಜೀಪು, ಮದುವೆ ದಿಬ್ಬಣ,
ಒಂದು ಸಲ ಚಾಪೆ ಸುತ್ತಿದ ಹೆಣ,
ಎಲ್ಲರನ್ನೂ ದಾಟಿಸಿ ಎಲ್ಲಿಗೂ ಹೋಗದವ.
ಸೇತುವೆ ಬಂದ ವರ್ಷ
ಮಿರಾಂದ ಡಾಕ್ಟರು ನನ್ನ ದವಡೆಯೊಳಗೆ ಕೈ ಇಟ್ಟುಕೊಂಡೇ ಕೇಳಿದರು:
"ಗೋವಾದಲ್ಲೊಂದು ಹಳೇ ಹಾಯಿದೋಣಿ ತಗೊಂಡಿದೀನಿ,
ಕೇಪ್ ಸುತ್ತಿ ಆಚೆ ಹೋಗೋದು. ಬರ್ತೀಯಾ ಗುತ್ಯಪ್ಪ?"
ಬಾಯಿ ತುಂಬ ಹತ್ತಿ.
ಇಲ್ಲ ಅನ್ನಲು ಆಗಲಿಲ್ಲ.

ಹಿನ್ನೀರಲ್ಲಿ ಸತ್ತ ಮರದ ತುದಿ ನೋಡಿ ದಾರಿ ಹಿಡಿದವನಿಗೆ
ಗುರುತೇ ಇಲ್ಲದ ನೀರು
ಮೊದಮೊದಲು ಹೆದರಿಕೆ, ಆಮೇಲೆ ಚಟ.
ಇಪ್ಪತ್ತೊಂದನೇ ರಾತ್ರಿ ನನ್ನ ಪಾಳಿ,
ಚುಕ್ಕಾಣಿ ಕೈಯಲ್ಲಿ.
ಹೊಕ್ಕುಳ ಸುತ್ತ ಏನೋ ಹಿಂಡಿತು.
ಹುರುಳಿ ಸಾರು ಹಳಸಿತ್ತು ಅಂದುಕೊಂಡೆ.
ಬೆಳಕು ಹರಿಯುವಾಗ ನೋವು ಬಲಕ್ಕಿಳಿದು
ಲಂಗರು ಹಾಕಿತ್ತು.

ಡಾಕ್ಟರು ಪೆಟ್ಟಿಗೆ ಸುರಿದರು:
ಇಕ್ಕಳ, ಲವಂಗದೆಣ್ಣೆ, ಹಲ್ಲಿನ ಸಿಮೆಂಟು,
ಎರಡು ಪಟ್ಟಿ ಮಾತ್ರೆ.
"ಹಲ್ಲಾಗಿದ್ರೆ ಐದು ನಿಮಿಷದ ಕೆಲಸ ಕಣೋ"
ಅಂದು ನಕ್ಕರು. ನಗು ಅಲ್ಲ ಅದು.
ಸ್ಯಾಟಲೈಟ್ ಫೋನಿನಲ್ಲಿ ಶಿವಮೊಗ್ಗೆಯಿಂದ
ಅವರ ಸಹಪಾಠಿ, ಸರ್ಜನ್ ಹಾಲೇಶಪ್ಪ:
"ಮೆಲ್ಲಗೆ ಒತ್ತು. ಒತ್ತಿದೆಯಾ? ಈಗ ಫಕ್ಕನೆ ಬಿಡು.
ಕೇಳು ಅವನನ್ನ, ನೋವು ಯಾವಾಗ,
ಒತ್ತಿದಾಗಲೋ, ಬಿಟ್ಟಾಗಲೋ?"

ಬಿಟ್ಟಾಗ, ಅಂದೆ.

ಆ ಕಡೆ ಮಾತು ನಿಂತಿತು.
ಬಿ.ಎಚ್. ರಸ್ತೆಯ ಯಾವುದೋ ಬಸ್ಸು
ನಡುಸಮುದ್ರದಲ್ಲಿ ಹಾರನ್ ಹೊಡೆದು ಹೋಯಿತು.

ಎರಡನೇ ಸಂಜೆಗೆ
ಸಕ್ಕರೆ ಹೊತ್ತ ಹಡಗೊಂದು ತನ್ನ ದಾರಿ ಬಿಟ್ಟು ಬಂತು.
ಹಗ್ಗದ ತೊಟ್ಟಿಲಲ್ಲಿ ಕಟ್ಟಿ ಎತ್ತಿದರು.
ಇವತ್ತು ನಾನೇ ಸರಕು.
ಮೇಲಿಂದ ಕಂಡದ್ದು, ದೊನ್ನೆಯಷ್ಟು ದೋಣಿ,
ಅದರಲ್ಲಿ ಅರವತ್ತಮೂರು ವರ್ಷದ ಒಬ್ಬ ಮನುಷ್ಯ,
ಹಾಯಿಯ ಹಗ್ಗ ಎರಡೂ ಕೈಯಲ್ಲಿ,
ಬೀಸಲು ಮೂರನೇ ಕೈ ಇಲ್ಲದೆ.

ಪೋರ್ಟ್ ಲೂಯಿಯ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟೆ.
ಕಿರುಬೆರಳಷ್ಟು ಕರುಳಂತೆ,
ಯಾವ ಕೆಲಸಕ್ಕೂ ಬಾರದ್ದಂತೆ, ಒಡೆದಿತ್ತಂತೆ.
ಒಂಬತ್ತು ದಿನ ಬಿಟ್ಟು ಅವರು ಬಂದರು, ಒಬ್ಬರೇ,
ಅಂಗೈ ಸುಲಿದು, ಗಡ್ಡಕ್ಕೆ ಉಪ್ಪು ಹಿಡಿದು.
ಜೊತೆಗೆ ಬರುತ್ತೇನೆಂದ ಫ್ರೆಂಚ್ ಹುಡುಗನೊಬ್ಬ ಇದ್ದ,
ಕೇಪಿನವರೆಗೂ ನಕ್ಷೆ ಇತ್ತು.
ಅವರು ತಂದದ್ದು ಎರಡು ವಿಮಾನದ ಟಿಕೆಟು.
"ಗಾಳಿ ತಪ್ಪಿತು ಗುತ್ಯಪ್ಪ" ಅಂದರು.
ಕಿಟಕಿಯಾಚೆ ತೆಂಗಿನ ಗರಿಗಳೆಲ್ಲ
ಸರಿಯಾದ ದಿಕ್ಕಿಗೇ ವಾಲಿದ್ದವು.
ನಾನೂ ಹೂಂ ಅಂದೆ.

"ಹದಿನಾಲ್ಕು!" ಜಲಜಾಕ್ಷಿ ಕೂಗುತ್ತಾಳೆ.
ಒಳಗೆ ಗೋಡೆ ಮೇಲೆ ದವಡೆಯ ಚಿತ್ರ, ಪಕ್ಕದಲ್ಲೇ ಕಡಲ ನಕ್ಷೆ,
ಪೆನ್ಸಿಲ್ ಗೆರೆ ನೀಲಿಯ ನಡುವೆ ನಿಂತಿದೆ.
ದೋಣಿ ಕಟ್ಟಿದ ಜಾಗದ ಬಾಡಿಗೆ, ನನ್ನ ಅರ್ಧ ಪಾಲು,
ಲಕೋಟೆ ಮೇಜಿನ ಮೇಲಿಡುತ್ತೇನೆ.
ಬೇಡ ಅನ್ನುವುದನ್ನು ಅವರು ಬಿಟ್ಟು ಐದು ತಿಂಗಳಾಯಿತು.
ಎಣಿಸುವುದಿಲ್ಲ. ಗ್ಲೌಸ್ ಹಾಕಿಕೊಳ್ಳುತ್ತಾ
"ಬಾಯಿ ತೆಗಿ" ಅನ್ನುತ್ತಾರೆ, ಅಭ್ಯಾಸ.
ತೆಗೆಯುತ್ತೇನೆ. ಒಂದೊಂದೇ ಹಲ್ಲು ತಟ್ಟಿ ನೋಡುತ್ತಾರೆ,
ಎಲ್ಲ ಗಟ್ಟಿ.

ಹೊರಗೆ ಬಂದರೆ ಅಜ್ಜಿ ಎದ್ದು ನಿಂತಿದ್ದಾಳೆ,
ಸೆರಗಿನ ತುದಿ ಕಚ್ಚಿಕೊಂಡು.
"ಕಿತ್ರಾ?"
ಕಿತ್ರು, ಅಜ್ಜಿ.
"ನೋವಾತಾ?"
ಕೀಳುವಾಗ ಆಗಲಿಲ್ಲ.