ಗುಡುಗುಡಿ

ಶನಿವಾರ ರಾತ್ರಿ, ನಗರದ ಹತ್ತಿರದ ರೆಸಾರ್ಟಿನಲ್ಲಿ
ನಮ್ಮ ಕೆರಿಯಣ್ಣ ಗುಡುಗುಡಿ ಪಟ ಹಾಸುತ್ತಾನೆ.
ಇಸ್ಪೀಟು, ಕಳಾವರ, ಆಟೀನು, ಡೈಮನ್ನು,
ಬಾವುಟ, ಚಂದ್ರ: ಆರು ಮನೆ.
ಮ್ಯಾನೇಜರು ಹೊಲಿಸಿದ ಅಂಗಿ,
ಎದೆಗೆ ಹೆಸರಿನ ಬಿಲ್ಲೆ.

"ಕಟ್ರೀ ಕಟ್ರೀ! ಒಂದು ಬಿದ್ರೆ ಒಂದು, ಎರಡು ಬಿದ್ರೆ ಎರಡು!"
ಡಬ್ಬಿಯೊಳಗೆ ದಾಳ ಬಡಿದಾಡುತ್ತವೆ.
ಬಂದವರು ಕಟ್ಟುವುದು ಹುಣಿಸೆಬೀಜ.
ಸೋತವರೂ ನಗುತ್ತಾರೆ, ಸೆಲ್ಫಿ ತೆಗೆಯುತ್ತಾರೆ,
ಗೆದ್ದವರಿಗೆ ಒಂದು ಜೇನಿನ ಬಾಟ್ಲಿ.

ಇದೇ ಪಟ ಒಂದು ಕಾಲಕ್ಕೆ
ಆಟದ ಡೇರೆಯ ಹಿಂದೆ, ಗ್ಯಾಸ್‌ಲೈಟಿನ ಕೆಳಗೆ.
ಜೀಪಿನ ಸದ್ದಿಗೆ ನಾಲ್ಕು ಮೂಲೆ ಹಿಡಿದೆತ್ತಿ
ದುಡ್ಡು ದಾಳ ಸಮೇತ
ಗದ್ದೆಬದುವಿನಲ್ಲಿ ಓಟ.
ಬಟ್ಟೆಮಲ್ಲಪ್ಪದ ಶೇಷೋಜಿ
ಚಂದ್ರನ ಮೇಲೆ ಸೈಕಲ್ಲು ಕಟ್ಟಿ ಸೋತ.
ಕೊಡುವ ಮುಂಚೆ ಬೆಲ್ಲು ಒಂದೇ ಸಲ
ಟ್ರಿಣ್ ಅನ್ನಿಸಿದನಂತೆ, ಅಷ್ಟೆ.
"ಆ ಸೈಕಲ್ಲು ನಂಗೆ ಹತ್ತಕ್ಕೇ ಆಗ್ಲಿಲ್ಲ ಮಾರಾಯ,
ಎರಡು ಮಳೆಗಾಲ ಗೋಡೆಗೇ ಒರಗಿತ್ತು."

ಹನ್ನೊಂದಕ್ಕೆ ದೀಪ ಆರಿಸಿ ಬೀಜ ಎಣಿಸುತ್ತೇವೆ.
ಇನ್ನೂರಕ್ಕೆ ಎರಡು ಕಡಿಮೆ.
"ಯಾರದ್ದೋ ಮಗು ನುಂಗಿರ್ಬೇಕು."

ಆಮೇಲೆ ಸಂಬಳದ ಒಂದು ಐನೂರರ ನೋಟು ತೆಗೆದು
ಚಂದ್ರನ ಮೇಲಿಡುತ್ತಾನೆ.
ಎದುರಿಗೆ ಗ್ಲಾಸು ತೊಳೆಯುವ ನಾನು.
ಬಿದ್ದರೆ ಕೊಡುವವರು ಯಾರು, ಕೇಳಬಾರದು.
ಡಬ್ಬಿ ಅಲ್ಲಾಡಿಸಿ ಕವುಚುತ್ತಾನೆ.
ಸಂಜೆಯಿಂದ ನಡುಗದ ಕೈ
ಈಗ ನಡುಗುತ್ತದೆ.

"ಎತ್ತು," ಅನ್ನುತ್ತೇನೆ.
"ತಡಿಯೋ," ಅನ್ನುತ್ತಾನೆ ಕಿವಿ ತಗ್ಗಿಸಿ,
"ಒಳಗೆ ಇನ್ನೂ ಸದ್ದು ಅಡಗಿಲ್ಲ."