ಒಂದು ಗೇಣು ಟೇಪು

ಬೈತಖೋಲ ಬಂದರಿನ ಗೇಟಿನೆದುರು ಅಪ್ಪನ ಅಂಗಡಿ:
ರೇಡಿಯೋ, ಟೇಪು, ದೋಣಿಯ ವೈರ್‌ಲೆಸ್ಸು ರಿಪೇರಿ.
ಗೋಕರ್ಣದಿಂದ ಬಂದ ಒಬ್ಬ ಬಿಳಿಯ, ಜಡೆಗಟ್ಟಿದ ಕೂದಲಿನವ,
ಬಸ್ಸಿನ ದುಡ್ಡಿಗೆಂದು ಟೇಪ್‌ರೆಕಾರ್ಡರ್ ಅಡವಿಟ್ಟು ಹೋದ.
ತಿರುಗಿ ಬರಲಿಲ್ಲ. ಒಳಗೊಂದು ಕ್ಯಾಸೆಟ್ಟು ಉಳಿದಿತ್ತು.
ಮೇಲೆ ಹೆಸರಿಲ್ಲ. ನೀಲಿ ಶಾಯಿಯಲ್ಲಿ ಒಂದು ಸುರುಳಿ,
ಚಕ್ಕುಲಿಯಂತೆ.

ಒಂದು ಬದಿಗೆ ಒಂದೇ ಹಾಡು. ಹತ್ತೊಂಬತ್ತು ನಿಮಿಷ.
ಮೊದಲ ಆರು ನಿಮಿಷ ಯಾರೂ ಬಾಯಿ ಬಿಡುವುದಿಲ್ಲ;
ಕಾದ ಕಾವಲಿಗೆ ನೀರು ಚಿಮುಕಿಸಿದಂತೆ ಗಿಟಾರು,
ಅದರ ಹಿಂದೆ ಆರ್ಗನ್ನು
ಬಾಗಿಲ ಸಂದಿಯಿಂದ ಬರುವ ಹೊಗೆ.

ತಾಂಡೇಲ ಮಂಜಪ್ಪ ಹರಿಕಂತ್ರ ಕಿವಿಗೊಟ್ಟು,
'ಗೇರ್‌ಬಾಕ್ಸ್ ಹೋಗಿದೆ, ದಡ ಮುಟ್ಟೂದಿಲ್ಲ' ಎಂದ.
ಹೊನ್ನಿ ಗೌಡ್ತಿ ಬಸಳೆ ಬುಟ್ಟಿ ಇಳಿಸಿ
ಮಣಿಸರಗಳ ಅಡಿಯ ಬೆವರೊರೆಸಿಕೊಳ್ಳುತ್ತ
ಪೂರ್ತಿ ಹತ್ತೊಂಬತ್ತು ನಿಮಿಷ ಕೂತಳು. ಕಡೆಗೆ ಕೇಳಿದ್ದು:
'ಇಷ್ಟೊತ್ತೂ ಒದರ್ತಾ ಇದ್ನಲ,
ಅವ್ನ ಯಾರೂ ಉಣ್ಣೂಕೆ ಕರೀಲಿಲ್ವ?'
ಇಗರ್ಜಿಯಲ್ಲಿ ಆರ್ಗನ್ ನುಡಿಸುವ ಪಾಸ್ಕು ಫರ್ನಾಂಡಿಸ
ಮೆಲ್ಲಗೆ ಶಿಲುಬೆ ಗುರುತು ಹಾಕಿಕೊಂಡ:
'ಇದು ನಮ್ಮದೇ. ಶುಭ ಶುಕ್ರವಾರದ ಸ್ವರ.
ಕುಡಿದು ಬಾರಿಸಿದ್ದಾರೆ, ಅಷ್ಟೆ.'
ಕಾಲೇಜಿನ ಹುಡುಗರು ಮೂವರು ಬಂದು,
ತಲೆ ತೂಗಿ, ಅರ್ಥವಾದವರಂತೆ ನಕ್ಕು,
ಬ್ಯಾಂಡಿಗೆ ಮೂರು ಬೇರೆ ಬೇರೆ ಹೆಸರು ಹೇಳಿ ಹೋದರು.

ಅಪ್ಪನಿಗೆ ಹಾಡಿನ ಗೊಡವೆಯೇ ಇಲ್ಲ.
ಸ್ಪೀಕರ್ ರಿಪೇರಿಯಾದ ಮೇಲೆ ಪರೀಕ್ಷೆಗೆ ಅದನ್ನೇ ಹಾಕುತ್ತಿದ್ದ:
'ಇದನ್ನ ತಡಕೊಂಡ್ರೆ ಏನನ್ನೂ ತಡಕೊಳ್ತದೆ.'

ನಾನೋ, ಹನ್ನೊಂದರ ಹುಡುಗಿ,
ಅಪ್ಪ ಅಂಕೋಲೆಗೆ ಹೋದ ಒಂದು ಮಧ್ಯಾಹ್ನ
ಕದ್ದು ಹಾಕಿದೆ, ಜೋರಾಗಿ ಹಾಕಿದೆ.
ರೋಲರು ಟೇಪನ್ನು ನುಂಗಿತು.
ಎಳೆದರೆ ಬಂತು, ಒಣ ಸೀಗಡಿಯಂತೆ ಮುರುಟಿ.
ಮುರುಟಿದಷ್ಟನ್ನು ಕತ್ತರಿಸಿದೆ. ಒಂದು ಗೇಣು.
ಅಕ್ಕನ ಉಗುರು ಬಣ್ಣದಲ್ಲಿ ತುದಿಗೆ ತುದಿ ಅಂಟಿಸಿ
ತುಂಡನ್ನು ಗಟಾರಕ್ಕೆ ಬಿಟ್ಟೆ. ಅದು ಹೊಳೆಯುತ್ತ ಹೋಯಿತು.
ಯಾರಿಗೂ ಹೇಳಲಿಲ್ಲ.
ಯಾರಿಗೂ ಗೊತ್ತಾಗಲೂ ಇಲ್ಲ, ಪುರ್ಸೊ ರಾಯ್ಕರ ಬರುವವರೆಗೆ.

ಬಂಗಾರದ ಕೆಲಸದವ. ಶನಿವಾರದ ಭಜನೆಗೆ ತಬಲಾ.
ಸರದ ಕೊಂಡಿಯಲ್ಲಿ ಗುಂಜಿ ತೂಕ ಹೆಚ್ಚುಕಮ್ಮಿಯಾದರೆ
ಬೆರಳಲ್ಲೇ ಹಿಡಿಯುವವ.
ಮೊಣಕಾಲ ಮೇಲೆ ತಾಳ ಹಾಕುತ್ತ ಕೇಳಿದವನು
ಹನ್ನೆರಡನೆಯ ನಿಮಿಷದಲ್ಲಿ ಎದ್ದೇ ನಿಂತ.
'ಸಮ ಎಲ್ಲಿ? ಸಮ ಎಲ್ಲಿ ಹೋಯ್ತು?'
ಹಿಂದಕ್ಕೆ ತಿರುಗಿಸು ಎಂದ. ಮತ್ತೆ ತಪ್ಪಿದ.
ಮರುದಿನ ಬಂದ. ಅದರ ಮರುದಿನ ಅಂಗಡಿ ಮುಚ್ಚಿಯೇ ಬಂದ.
'ಇಲ್ಲಿ ಏಳು ಮಾತ್ರೆ ಯಾರೋ ತಿಂದಿದ್ದಾರೆ' ಎಂದ.
ಪಾಸ್ಕು ನಕ್ಕ: 'ನಶೆಯ ಸಂಗೀತಕ್ಕೆ ಎಂಥ ಲೆಕ್ಕ, ಪುರ್ಸೊ?'
ಎಲ್ಲರೂ ನಕ್ಕರು.
ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಈಗ ಅಂಗಡಿ ನನ್ನದು. ಮೊಬೈಲು, ಮೀನು ತೋರಿಸುವ ಯಂತ್ರ.
ಮೊನ್ನೆ ಚಾರ್ಜಿಂಗ್ ಪಿನ್ನು ಬದಲಿಸಲು ಬಂದ ನೌಕಾನೆಲೆಯ ಹುಡುಗ
ಪರೀಕ್ಷೆಗೆಂದು ಒಂದು ಹಾಡು ಹಚ್ಚಿದ.
ಆರನೆಯ ನಿಮಿಷಕ್ಕೆ ನನ್ನ ಕೈಯ ಸ್ಕ್ರೂಡ್ರೈವರ್ ನಿಂತಿತು.
ಹನ್ನೆರಡಕ್ಕೆ ಉಸಿರು.
ನಾನು ಕತ್ತರಿಸಿದ ಜಾಗ ಬಂತು, ಕತ್ತರಿಸದೆ.
ವಿಶೇಷವೇನಿಲ್ಲ. ಡ್ರಮ್ಮಿನ ಅಂಚಿಗೆ ಕೋಲಿನ ತುದಿ, ಏಳು ಸಲ.
ಎಂಟನೆಯದಕ್ಕೆ ಎಲ್ಲವೂ ಒಟ್ಟಿಗೆ ಬಂದು ಕೂತವು.

ಹಳೆಯದು ಬಿದ್ದು ಒಂದೇ ಉಳಿದ ಕಾಳಿ ಸೇತುವೆ ದಾಟಿ
ಸದಾಶಿವಗಡಕ್ಕೆ ಹೋದೆ.
ಪುರ್ಸೊನ ಎರಡು ಕಿವಿಯೂ ಹೋಗಿವೆ.
ಅಂಗೈ ಬಿಡಿಸಿ, ಸ್ವಲ್ಪ ಹಿಂದಿನಿಂದ ಶುರುಮಾಡಿ,
ಬೆರಳಲ್ಲಿ ತಟ್ಟಿದೆ.
ನಾಲ್ಕು. ಐದು. ಆರು. ಏಳು.
ಎಂಟಕ್ಕೆ ಅವನ ಹೆಬ್ಬೆರಳು
ನನ್ನ ಬೆರಳನ್ನು ಅದುಮಿ ಹಿಡಿಯಿತು.

'ಕಳ್ಳಿ' ಎಂದ.
ಬಿಡಲಿಲ್ಲ. 'ಎಲ್ಲಿ ಎಸೆದೆ?'

ಗಟಾರಕ್ಕೆ ಎಂದು ಕೂಗಿದೆ. ಕೇಳಿಸಲಿಲ್ಲ.
ಇನ್ನೊಂದು ಕೈಯಿಂದ
ಕಡಲು ತೋರಿಸಿದೆ.