ಚಹಾ ಆರ್ತೈತಿ

ಗಾರ್ಡ್ ರೆಬೇರೊ ಸಾಹೇಬ್ರು ರೈಲ್ವೆ ಕ್ವಾರ್ಟರ್ಸ್ ಖಾಲಿ ಮಾಡೂ ದಿನ
ಕಪಾಟ ಎತ್ತಾಕಂತ ಹೋದ ನಮ್ಮವರು
ಕೂಲಿ ಬ್ಯಾಡ ಅಂದು ಒಂದು ಟ್ರಂಕು ಹೊತಗೊಂಡು ಬಂದ್ರು.
ಹಿತ್ತಾಳಿ ಭಾಂಡೆ ಇದ್ದಾವು ಅಂತ ನಾ ಮುಚ್ಚಳ ತಗದೆ.
ಒಳಗ ಕರೀ ತಾಟು, ಅರವತ್ತೊಂದು,
ನಡುವ ನಡುವ ಹಳೇ ಟೈಮ್ ಟೇಬಲ್ಲಿನ ಹಾಳಿ.
ಒಂದರಾಗೂ ಉಣ್ಣಾಕ ಬರೂದಿಲ್ಲ.

"ವೆಸ್ಟರ್ನ್ ಸ್ವಿಂಗ್" ಅಂದ್ರು, ಮನೀದೇವರ ಹೆಸರು ಹೇಳಿದಂಗ.
ಟೆಕ್ಸಾಸ್ ಅಂತ ಸೀಮಿ ಐತೆಂತ,
ಅಲ್ಲೆ ದನಾ ಕಾಯವ್ರು ಶನಿವಾರ ರಾತ್ರಿ
ಬೂಟು ಒರಸಿಕೊಂಡು ಕುಣಿಯಾಕ ಹೋಗ್ತಿದ್ರಂತ.
ಅವರ ಪಿಟೀಲು, ಅವರ ತುತ್ತೂರಿ,
ತೊಡಿ ಮ್ಯಾಲ ಕೂಸಿನಂಗ ಮಲಗಿಸಿ ನುಡಸೂ ಗಿಟಾರು.
ಗಣೇಶಪೇಟಿಯೊಳಗ ಯಾರಿಗೆ ಬೇಕ್ರೀ ಇದು, ಅಂದೆ.
"ಯಾರಿಗೂ ಬ್ಯಾಡಲ್ಲ, ಅದಕ್ಕ."

ವರ್ಕ್‌ಶಾಪಿನ್ಯಾಗ ಇಪ್ಪತ್ತೆಂಟು ವರ್ಷ ರಿವೆಟ್ ಬಡದ ಕಿವಿ.
ಸಣ್ಣ ಸಪ್ಪಳ ಆಗಲೇ ಇಳದು ಹೋಗಿದ್ವು:
ನನ್ನ ಬಳಿ, ಗುಬ್ಬಿ, ಕುಕ್ಕರಿನ ಸೀಟಿ.
ತಾಟು ತಿರಗೂವಾಗ ಪೆಟಿಗಿಗೆ ಅಂಗೈ ಹಚ್ಚಿ
ಕಣ್ಣು ಮುಚ್ಚತಿದ್ರು.
ಹಿಂಗಾಗಿ ಹುಚ್ಚು ಅವರದು, ಕಿವಿ ನಂದು.
"ಗೆರಿ ಬಿದ್ದೈತೇನು?"
"ಬಿದ್ದೈತಿ."
"ಎಲ್ಲೆ?"
"ಪಿಟೀಲು ಸಿಗ್ನಲ್ ದಾಟಿ ಓಡಾಕ ಹತ್ತತೈತಲ್ಲ, ಅಲ್ಲೆ."

ದುರ್ಗದಬೈಲಿನ ಗುಜರಿ ಅಂಗಡಿ, ಮುಂಬಯಿ ಲಾರಿ ಡ್ರೈವರಗಳು,
ಹೆಂಗೆಂಗೋ ತಾಟು ನೂರಾ ನಾಕಾದ್ವು.
ನನ್ನ ಹೊಲಿಗಿ ಮಿಷಿನ್ನಿನ ಎಣ್ಣಿ ಆ ಮೋಟಾರು ಕುಡೀತು.
ಕೇಳೇನಿ ಅಂದವರಿಗೆ ಮಾತ್ರ ಇಲ್ಲ ಅಂದವರಲ್ಲ.
ತಾಟು ಕೊಡೂದಿಲ್ಲ, ಹಾಡು ಒಯ್ಯಿರಿ ಅಂತ
ಟೇಪ್ ರೆಕಾರ್ಡರ್ ಮುಂದಿಟ್ಟು ಕ್ಯಾಸೆಟ್ಟಿಗೆ ಇಳಿಸಿ
ಅರಿವ್ಯಾಗ ಹೊಲದು ಪ್ಯಾಸೆಂಜರಿನ ಕೈಯಾಗ ಕೊಡತಿದ್ರು.
ಒಂದು ಗದಗಿಗೆ, ಪ್ರೆಸ್ಸಿನ್ಯಾಗ ಮೊಳಿ ಜೋಡಸೂ ತೋಂಟೇಶಗ.
ಒಂದು ಹಾವೇರಿಗೆ, ಏಲಕ್ಕಿ ಮಾಲಿ ಕಟ್ಟೂ ಇಮಾಮಹುಸೇನಗ.
ಹಾವೇರಿ ಡಬ್ಬಿ ಖಾಲಿ ತಿರುಗಿ ಬಂದದ್ದಿಲ್ಲ,
ಒಳಗ ಐದಾರು ಏಲಕ್ಕಿ ಗಲಗಲ ಅಂತಿದ್ವು.

ಇಳಿಸೂ ಹೊತ್ತಿಗೆ ಮನಿಯೆಲ್ಲಾ ಉಸಿರು ಹಿಡೀಬೇಕು.
ಫ್ಯಾನು ಬಂದ್, ನಳಕ್ಕ ಅರಿವಿ, ಸೊಸಿ ಕಾಲಗೆಜ್ಜಿ ಕೈಯಾಗ.
ಒಂದಿನ ನಾ ಮರ್ತೆ.
ಅದೇ ಏಲಕ್ಕಿ ಜಜ್ಜಿ ಹಾಕಿ, ಸೋಸಿ,
ಒಳಗಿಂದ ಒದರಿದೆ: "ಚಹಾ ಆರ್ತೈತ್ರೀ!"
ಪಿಟೀಲು ನಿಂತು ಗಿಟಾರು ಸುರು ಆಗೂ ಸಂದಿ,
ಸರಿಯಾಗಿ ಅಲ್ಲೆ ಹೋಗಿ ಕುಂತೆ.
ಅವರಿಗೆ ಕೇಳಲಿಲ್ಲ. ನಾ ಹೇಳಲಿಲ್ಲ.
ಹನ್ನೊಂದು ಕ್ಯಾಸೆಟ್ಟು ಊರೂರಿಗೆ ಹೋದ್ವು.
ಹನ್ನೊಂದರಿಂದ ಎಷ್ಟು ಹುಟ್ಟಿದ್ವೋ.

ಧಾರವಾಡದ ಕಾಲೇಜಿನ ಹುಡುಗ ಒಬ್ಬ ಕಾರ್ಡು ಬರದ:
ಎರಡನೇ ಹಾಡಿನ ಬಾಯೇರು ಯಾವ ದೇಶದವರು?
ಇಮಾಮಹುಸೇನನ ಮಕ್ಕಳು ಆ ಜಾಗಾ ಬಂದ ಕೂಡ್ಲೆ
ದಾರದಾಗ ಏಲಕ್ಕಿ ಪೋಣಸೂದು ಬಿಟ್ಟು ಒಟ್ಟಾಗಿ ಒದರತಾವಂತ.
ನಾಚಿಕಿ ಬಂದು ಸೆರಗು ಬಾಯಿಗೆ ಹಿಡದೆ.
ಆದ್ರ ಕೇಳ್ರಿ, ಆ ಹಾಡಿನ್ಯಾಗ ಮೇಳದ ಹಿರೇಮನಿಶಾನೂ
ನಟ್ಟ ನಡುವ ಬಾಯಿ ಹಾಕ್ತಾನ,
ನುಡಸಾವ್ನ ಹೆಸರು ಹಿಡದು ಕರೀತಾನ, ಆಹಾ ಅಂತಾನ.
ಅಂವಗ ಯಾರೂ ಸುಮ್ಮನಿರಪಾ ಅಂದಿಲ್ಲ.
ನಾನೂ ಕರದದ್ದು ನುಡಸಾವ್ನನ್ನ.

ತೋಂಟೇಶ ಮಾತ್ರ ಅಚ್ಚಿನ ಮನಿಶಾ, ತಪ್ಪು ಸಹಿಸಾವಲ್ಲ.
ಸ್ವಚ್ಛ ಪ್ರತಿ ಒಂದು ಕಳಸ್ರಿ, ಅಂದ.
ಆಗ ಇವರಿಗೆ ಎಲ್ಲಾ ಗೊತ್ತಾತು. ಕಾರ್ಡು ಎರಡು ಸಲ ಓದಿ
ಏನೂ ಅನ್ನಲಿಲ್ಲ. ಮತ್ತ ಆ ತಾಟ ತಗದ್ರು,
ಅಂಗಿ ಚುಂಗಿಲೆ ಒರಸಿದ್ರು, ಮುಳ್ಳು ಬದಲಿಸಿದ್ರು.
ಫ್ಯಾನು ಬಂದ್, ನಳಕ್ಕ ಅರಿವಿ.
ನಾ ಬಾಗಲದಾಗ ಕುಂತೆ, ಬಾಯಿಗೆ ಬೀಗ.
ಅಂಗೈ ಪೆಟಿಗಿ ಮ್ಯಾಲ, ಕಣ್ಣು ಮುಚ್ಚಿ.
ಪಿಟೀಲು ಸಿಗ್ನಲ್ ದಾಟ್ತು, ಓಡ್ತು, ದಣೀತು.
ಆ ಸಂದಿ ಬರೂದು ಬೆರಳಿಗೆ ತಿಳೀತೇನೋ,
ಕಣ್ಣು ತಗದು ನನ್ನ ನೋಡಿ
ಗಾರ್ಡ್ ಹಸರು ನಿಶಾನಿ ತೋರಸಿದಂಗ
ಕೈ ಎತ್ತಿದ್ರು.

ಸ್ಟೋ ಮ್ಯಾಲ ಅವತ್ತು ಚಹಾ ಇರಲಿಲ್ಲ.